ಗ್ರೀಸಿನ ಮಾರ್ಚ್ 25: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ 25ರಂದು ಗ್ರೀಸಿನಲ್ಲಿ ಏನೇನು ಆಚರಿಸುತ್ತಾರೆ?

ಎರಡು ಹಬ್ಬಗಳು ಒಂದೇ ದಿನ ಬರುತ್ತವೆ. ಒಂದು, ಒಟ್ಟೊಮನ್ ಆಳ್ವಿಕೆಯ ವಿರುದ್ಧ 1821ರಲ್ಲಿ ಎದ್ದ ಬಂಡಾಯದ ವಾರ್ಷಿಕ ದಿನ. ಇನ್ನೊಂದು ಮಂಗಳವಾರ್ತೆ ಹಬ್ಬ. ಗಬ್ರಿಯೇಲ ದೂತ ಮರಿಯಮ್ಮನಿಗೆ ಯೇಸುವಿನ ಜನನದ ಸುದ್ದಿ ತಂದ ದಿನವಿದು. ಕ್ರಿಸ್ಮಸ್‌ಗೆ ಸರಿಯಾಗಿ ಒಂಬತ್ತು ತಿಂಗಳು ಮುಂಚೆ. ಗ್ರೀಕರು ಇದನ್ನು ‘ಇವಾಂಗೆಲಿಸ್ಮೋಸ್’ ಎನ್ನುತ್ತಾರೆ.

ಈ ಎರಡರ ಜೊತೆಗೆ ಇನ್ನೂ ಮೂರು ಘಟನೆಗಳು ಇದೇ ತಾರೀಖಿಗೆ ಬಂದು ಸೇರಿವೆ. 1896ರ ಮೊದಲ ಆಧುನಿಕ ಒಲಿಂಪಿಕ್ಸ್ ಆರಂಭವಾದದ್ದು ಗ್ರೀಸಿನ ಆಗಿನ ಕ್ಯಾಲೆಂಡರ್ ಪ್ರಕಾರ ಮಾರ್ಚ್ 25ಕ್ಕೆ. 1924ರ ಮಾರ್ಚ್ 25ರಂದು ಗ್ರೀಸ್ ಗಣರಾಜ್ಯವೆಂದು ಘೋಷಣೆಯಾಯಿತು. ಅಥೆನ್ಸಿನ ಸಂಸತ್ತಿನ ಮುಂದಿರುವ ಅಜ್ಞಾತ ಸೈನಿಕನ ಸ್ಮಾರಕ ಅನಾವರಣಗೊಂಡದ್ದು 1932ರ ಮಾರ್ಚ್ 25ರಂದು. ಇವು ಕಾಕತಾಳೀಯವಲ್ಲ. ಒಂದು ತಾರೀಖಿಗೆ ಒಮ್ಮೆ ತೂಕ ಬಂದಮೇಲೆ ದೊಡ್ಡ ಕೆಲಸಗಳನ್ನೆಲ್ಲ ಅದೇ ದಿನಕ್ಕೆ ಇಟ್ಟುಕೊಂಡರು, ಅಷ್ಟೆ.

1821ರ ಬಂಡಾಯ ನಿಜವಾಗಿ ಮಾರ್ಚ್ 25ರಂದೇ ಶುರುವಾಯಿತೇ?

ಇಲ್ಲ. ಗೊಂದಲ ಹುಟ್ಟುವುದೇ ಇಲ್ಲಿ. ಬಂಡಾಯ ಒಂದೇ ದಿನ, ಒಂದೇ ಊರಲ್ಲಿ ಏಳಲಿಲ್ಲ. ಅದಕ್ಕೆ ಸಿದ್ಧತೆ ನಡೆಸಿದ್ದು ‘ಫಿಲಿಕಿ ಎತೆರಿಯಾ’ ಎಂಬ ಗುಪ್ತ ಸಂಘ. 1814ರಲ್ಲಿ ಒಡೆಸ್ಸಾದಲ್ಲಿ ಸ್ಕೂಫಾಸ್, ಕ್ಸಾಂಥೋಸ್, ತ್ಸಕಾಲೋಫ್ ಎಂಬ ಮೂವರು ಕಟ್ಟಿದ್ದು. ಮುಂದೆ ಅದರ ನಾಯಕನಾದ ಅಲೆಕ್ಸಾಂಡರ್ ಇಪ್ಸಿಲಾಂಟಿಸ್, ರಷ್ಯಾದ ಸೇನೆಯಲ್ಲಿ ಅಧಿಕಾರಿಯಾಗಿದ್ದವನು, 1821ರ ಫೆಬ್ರವರಿ 22ರಂದು ಪ್ರೂತ್ ನದಿ ದಾಟಿ ಮೊಲ್ಡಾವಿಯಕ್ಕೆ ಇಳಿದ. ಎರಡು ದಿನ ಬಿಟ್ಟು, 24ರಂದು, ಯಾಶಿ ಪಟ್ಟಣದಲ್ಲಿ ಬಂಡಾಯದ ಘೋಷಣಾಪತ್ರ ಹೊರಡಿಸಿದ. ಅದು ಇವತ್ತಿನ ರುಮೇನಿಯಾ. ಮೊದಲ ಕಿಡಿ ಹಾರಿದ್ದು ಗ್ರೀಸಿನ ನೆಲದಲ್ಲೇ ಅಲ್ಲ ಎಂದಾಯಿತು.

ದಕ್ಷಿಣದ ಪೆಲೊಪೊನೀಸ್ ಪರ್ಯಾಯದ್ವೀಪದಲ್ಲಿ ಆದದ್ದು ಹೀಗೆ. ಮಾರ್ಚ್ 17ರಂದು ಮಾನಿ ಪ್ರದೇಶದ ಅರೆಯೊಪೊಲಿಯಲ್ಲಿ ಯುದ್ಧ ಸಾರಿದರು. 21ರಂದು ಕಲಾವ್ರಿತಾದಲ್ಲಿ ದಾಳಿ. ಅದೇ ಹೊತ್ತಿಗೆ ಪಾತ್ರಾದಲ್ಲೂ ಗುಂಡು ಹಾರತೊಡಗಿತು. 23ರಂದು ಪೆಟ್ರೋಬೇ ಮಾವ್ರೊಮಿಖಾಲಿಸ್, ಕೊಲೊಕೊಟ್ರೋನಿಸ್, ಪಾಪಾಫ್ಲೆಸಾಸ್ ಇದ್ದ ಪಡೆ ಕಲಾಮಾತಾವನ್ನು ಹಿಡಿಯಿತು. ಈ ಎಲ್ಲ ತಾರೀಖುಗಳೂ ಹಳೆಯ, ಅಂದರೆ ಜೂಲಿಯನ್ ಕ್ಯಾಲೆಂಡರಿನವು. ಅರೆಯೊಪೊಲಿಯವರು ಇವತ್ತಿಗೂ 17ರಂದು, ಕಲಾಮಾತಾದವರು 23ರಂದು ತಮ್ಮದೇ ಉತ್ಸವ ಮಾಡುತ್ತಾರೆ. ‘ಮೊದಲು ಎದ್ದವರು ನಾವು’ ಎಂಬ ಜಗಳ ಈ ಊರುಗಳ ನಡುವೆ ಇನ್ನೂ ತಣ್ಣಗಾಗಿಲ್ಲ.

ಆಯಿಯಾ ಲಾವ್ರಾ ಮಠದಲ್ಲಿ ಬಿಷಪ್ ಬಾವುಟ ಎತ್ತಿದ ಕಥೆ?

ಕಲಾವ್ರಿತಾ ಹತ್ತಿರದ ಆಯಿಯಾ ಲಾವ್ರಾ ಮಠದಲ್ಲಿ ಮಾರ್ಚ್ 25ರಂದು ಪಾತ್ರಾದ ಆರ್ಚ್‌ಬಿಷಪ್ ಗೆರ್ಮಾನೋಸ್ ಬಾವುಟ ಎತ್ತಿ ಬಂಡುಕೋರರಿಂದ ಪ್ರಮಾಣ ಮಾಡಿಸಿದರು ಎಂದು ಗ್ರೀಸಿನ ಪ್ರತಿ ಮಗುವೂ ಶಾಲೆಯಲ್ಲಿ ಕೇಳಿ ಬೆಳೆದಿದೆ. ಆದರೆ ಗೆರ್ಮಾನೋಸ್ ಬರೆದಿಟ್ಟ ನೆನಪುಗಳಲ್ಲಿ ಈ ಪ್ರಮಾಣದ ಮಾತೇ ಇಲ್ಲ. ಮಾರ್ಚ್ ತಿಂಗಳಲ್ಲಿ ಮುಖಂಡರು ಆ ಮಠದಲ್ಲಿ ಸೇರಿ ಚರ್ಚಿಸಿದ್ದುಂಟು. ಆದರೆ ಬಂಡಾಯ ಎದ್ದ ಆ ದಿನಗಳಲ್ಲಿ ಗೆರ್ಮಾನೋಸ್ ಪಾತ್ರಾದಲ್ಲಿದ್ದರು, ಅಲ್ಲಿನ ಸೇಂಟ್ ಜಾರ್ಜ್ ಚೌಕದಲ್ಲಿ ಜನರಿಂದ ಪ್ರಮಾಣ ಮಾಡಿಸಿದರು.

ಕಥೆ ಹರಡಿದ್ದು ಎರಡು ದಾರಿಯಲ್ಲಿ. ಫ್ರೆಂಚ್ ಲೇಖಕ ಪೂಕ್ವಿಲ್ 1824ರಲ್ಲಿ ಪ್ರಕಟಿಸಿದ ಗ್ರೀಕ್ ಬಂಡಾಯದ ಇತಿಹಾಸದಲ್ಲಿ ಮಠದ ದೃಶ್ಯವನ್ನು ನಾಟಕದ ರಂಗಿನಲ್ಲಿ ಬರೆದ. 1865ರಲ್ಲಿ ಚಿತ್ರಕಾರ ಥಿಯೊಡೊರೋಸ್ ವ್ರಿಜಾಕಿಸ್ ಅದೇ ದೃಶ್ಯಕ್ಕೆ ಬಣ್ಣ ಕೊಟ್ಟ. ಆ ಚಿತ್ರ ಈಗ ಅಥೆನ್ಸಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಪಠ್ಯಪುಸ್ತಕದಲ್ಲಿ ಚಿತ್ರ ಅಚ್ಚಾದಮೇಲೆ ಇನ್ನೇನು, ಅದೇ ಇತಿಹಾಸವಾಯಿತು. ಬಾವುಟವೆಂದು ಮಠದಲ್ಲಿ ತೋರಿಸುವುದು ಚರ್ಚಿನ ಗರ್ಭಗುಡಿಯ ಬಾಗಿಲಿಗೆ ಇಳಿಬಿಡುವ ಕಸೂತಿ ಪರದೆ. ನೋಡಬೇಕಾದ ವಸ್ತುವೇ, ಆದರೆ 25ಕ್ಕೆ ಸಾಕ್ಷಿಯಲ್ಲ.

ಹಾಗಿದ್ದರೆ ಈ ತಾರೀಖನ್ನು ಆರಿಸಿದವರು ಯಾರು?

ಸರ್ಕಾರ. ಬಂಡಾಯ ನಡೆದು 17 ವರ್ಷಗಳಾದಮೇಲೆ, 1838ರ ಮಾರ್ಚ್ 15ರಂದು (ಹೊಸ, ಅಂದರೆ ಗ್ರೆಗೋರಿಯನ್ ಲೆಕ್ಕದಲ್ಲಿ 27) ರಾಜ ಓಟೋ ಹೊರಡಿಸಿದ ಆಜ್ಞೆ ಮಾರ್ಚ್ 25ನ್ನು ಶಾಶ್ವತವಾಗಿ ರಾಷ್ಟ್ರೀಯ ಹಬ್ಬವೆಂದು ಸಾರಿತು. ಹತ್ತು ದಿನದಲ್ಲೇ ಅಥೆನ್ಸಿನಲ್ಲಿ ಮೊದಲ ಆಚರಣೆ. ಮುಖ್ಯ ಪೂಜೆ ನಡೆದದ್ದು ಆಗ ಪ್ರಧಾನ ಚರ್ಚಾಗಿದ್ದ, ಎಯೋಲೂ ಬೀದಿಯ ಆಯಿಯಾ ಇರೀನಿಯಲ್ಲಿ. ಈಗಿನ ಪ್ರಧಾನ ಚರ್ಚು ಆಗಿನ್ನೂ ಇರಲಿಲ್ಲ. ಅದು ಪೂರ್ತಿಯಾದದ್ದು 1862ರಲ್ಲಿ, ಮತ್ತು ಅದರ ಹೆಸರೂ ಮಂಗಳವಾರ್ತೆಯದೇ.

ಆಯ್ಕೆಯಲ್ಲಿ ಜಾಣ್ಮೆ ಇತ್ತು. 23 ಎಂದಿದ್ದರೆ ಕಲಾಮಾತಾದ ಹಬ್ಬವಾಗುತ್ತಿತ್ತು, 17 ಎಂದಿದ್ದರೆ ಮಾನಿಯವರದು. 25 ಯಾವ ಊರಿನದೂ ಅಲ್ಲ, ಆದರೆ ಮರಿಯಮ್ಮನ ಹಬ್ಬವಾದ್ದರಿಂದ ಎಲ್ಲರಿಗೂ ಮೊದಲೇ ಬಾಯಿಪಾಠ.

ಮಾರ್ಚ್ 25ಕ್ಕೆ ಗ್ರೀಸಿಗೆ ಸ್ವಾತಂತ್ರ್ಯ ಸಿಕ್ಕಿತು ಎಂದು ಬರೆಯಬಹುದೇ?

ತಪ್ಪಾಗುತ್ತದೆ. ನಮ್ಮ ಆಗಸ್ಟ್ 15 ಸ್ವಾತಂತ್ರ್ಯ ಕೈಗೆ ಬಂದ ದಿನ. ಗ್ರೀಕರದು ಹೋರಾಟ ಶುರುವಾದ ದಿನ. ಹೋರಾಟ ಸುಮಾರು ಒಂಬತ್ತು ವರ್ಷ ನಡೆಯಿತು. 1827ರ ಅಕ್ಟೋಬರ್ 20ರಂದು ನವಾರಿನೋ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಾ ನೌಕಾಪಡೆಗಳು ಒಟ್ಟೊಮನ್ ಮತ್ತು ಈಜಿಪ್ಟಿನ ಹಡಗುಗಳನ್ನು ಪುಡಿ ಮಾಡಿದವು. ಸ್ವತಂತ್ರ ರಾಜ್ಯವೆಂಬ ಮಾನ್ಯತೆ ಬಂದದ್ದು 1830ರ ಫೆಬ್ರವರಿ 3ರ ಲಂಡನ್ ಒಪ್ಪಂದದಿಂದ. ರಸಪ್ರಶ್ನೆ ಬರೆಯುವವರು ಹೋರಾಟ ಶುರುವಾದ ದಿನವನ್ನೂ ಮಾನ್ಯತೆ ಬಂದ ದಿನವನ್ನೂ ಬೆರೆಸದಿದ್ದರೆ ಸಾಕು.

1821ರ ಮಾರ್ಚ್ 25ಕ್ಕೆ ಕೆಲವು ಕಡೆ ಏಪ್ರಿಲ್ 6 ಎಂದಿರುತ್ತದೆ. ಯಾವುದು ಸರಿ? ಲೆಕ್ಕ ಹಾಕುವುದು ಹೇಗೆ?

ಎರಡೂ ಸರಿ. ಗ್ರೀಸ್ 1923ರವರೆಗೆ ಜೂಲಿಯನ್ ಕ್ಯಾಲೆಂಡರ್ ಬಳಸಿತು. ಯುರೋಪಿನ ಬಹುಭಾಗ, ನಮ್ಮಲ್ಲಿ ಆಳುತ್ತಿದ್ದ ಬ್ರಿಟಿಷರೂ, ಆಗ ಗ್ರೆಗೋರಿಯನ್, ಅಂದರೆ ನಾವು ಈಗ ಬಳಸುವ ಕ್ಯಾಲೆಂಡರ್, ಬಳಸುತ್ತಿದ್ದರು. ಜೂಲಿಯನ್‌ನಲ್ಲಿ ನಾಲ್ಕರಿಂದ ಭಾಗವಾಗುವ ಪ್ರತಿ ವರ್ಷವೂ ಅಧಿಕ ವರ್ಷ. ಗ್ರೆಗೋರಿಯನ್‌ನಲ್ಲಿ 1700, 1800, 1900 ಅಧಿಕ ವರ್ಷಗಳಲ್ಲ, 1600 ಮತ್ತು 2000 ಮಾತ್ರ ಹೌದು. ಹಾಗಾಗಿ ಅಂತರ ಶತಮಾನಕ್ಕೊಮ್ಮೆ ಬೆಳೆಯುತ್ತ ಹೋಗುತ್ತದೆ.

ಪರಿವರ್ತಿಸುವಾಗ ಈ ಕ್ರಮ ಅನುಸರಿಸಿ:

1. ಮೂಲ ಯಾವ ಕ್ಯಾಲೆಂಡರಿನದೆಂದು ಮೊದಲು ಗೊತ್ತುಮಾಡಿಕೊಳ್ಳಿ. 1923ಕ್ಕೆ ಮುಂಚಿನ ಗ್ರೀಕ್ ದಾಖಲೆಯಾದರೆ ಸಾಮಾನ್ಯವಾಗಿ ಜೂಲಿಯನ್. ಬ್ರಿಟಿಷ್ ಅಥವಾ ಫ್ರೆಂಚ್ ಪತ್ರವಾದರೆ ಗ್ರೆಗೋರಿಯನ್. ‘15/27 ಮಾರ್ಚ್’ ಎಂದು ಎರಡೂ ಇದ್ದರೆ ಮೊದಲನೆಯದು ಹಳೆಯದು.
2. ಜೂಲಿಯನ್ ತಾರೀಖು 1700ರ ಮಾರ್ಚ್‌ನಿಂದ 1800ರ ಫೆಬ್ರವರಿಯೊಳಗೆ ಬಿದ್ದರೆ 11 ದಿನ ಕೂಡಿಸಿ. 1800ರ ಮಾರ್ಚ್‌ನಿಂದ 1900ರ ಫೆಬ್ರವರಿವರೆಗೆ 12. ಆಮೇಲೆ 2100ರ ಫೆಬ್ರವರಿವರೆಗೆ 13.
3. ವಾರದಿಂದ ತಾಳೆ ನೋಡಿ. ತಾರೀಖು ಬದಲಾದರೂ ವಾರ ಬದಲಾಗುವುದಿಲ್ಲ. 1821ರ ಹಳೆಯ ಮಾರ್ಚ್ 25 ಶುಕ್ರವಾರ, ಹೊಸ ಏಪ್ರಿಲ್ 6 ಕೂಡ ಶುಕ್ರವಾರ. ವಾರ ಹೊಂದದಿದ್ದರೆ ಎಲ್ಲೋ ಎಡವಿದ್ದೀರಿ.

ಹೆಚ್ಚಾಗಿ ಆಗುವ ಎಡವಟ್ಟು ಎರಡು. 19ನೇ ಶತಮಾನದ ತಾರೀಖಿಗೆ ಇವತ್ತಿನ ಅಂತರವಾದ 13ನ್ನೇ ಕೂಡಿಸಿ ಏಪ್ರಿಲ್ 7 ಎಂದು ಬರೆಯುವುದು ಒಂದು. ಆಗಲೇ ಯಾರೋ ಪರಿವರ್ತಿಸಿದ್ದನ್ನು ಮತ್ತೊಮ್ಮೆ ಪರಿವರ್ತಿಸುವುದು ಇನ್ನೊಂದು. ನವಾರಿನೋ ಕದನದ ಹಳೆಯ ತಾರೀಖು ಅಕ್ಟೋಬರ್ 8, ಹೊಸದು 20. ಈ 20ಕ್ಕೆ ಮತ್ತೆ 12 ಕೂಡಿಸಿದರೆ ಕದನ ನವೆಂಬರಿಗೆ ಜಾರುತ್ತದೆ!

1896ರ ಒಲಿಂಪಿಕ್ಸ್ ಶುರುವಾದದ್ದು ಏಪ್ರಿಲ್ 6ಕ್ಕೆ ಎಂದು ಓದಿದ್ದೇವೆ. ಮಾರ್ಚ್ 25 ಎಲ್ಲಿಂದ ಬಂತು?

ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: ಏಪ್ರಿಲ್ 6ರಿಂದ 12 ಕಳೆದರೆ ಮಾರ್ಚ್ 25. ಅಥೆನ್ಸಿನ ಜನರ ಗೋಡೆಯ ಕ್ಯಾಲೆಂಡರಿನಲ್ಲಿ ಅದು ರಾಷ್ಟ್ರೀಯ ಹಬ್ಬದ ಸೋಮವಾರ. ಆ ವರ್ಷ ಆರ್ಥಡಾಕ್ಸ್ (ಗ್ರೀಕರದು ಇದೇ) ಮತ್ತು ಪಾಶ್ಚಾತ್ಯ ಚರ್ಚುಗಳ ಈಸ್ಟರ್ ಎರಡೂ ಹಿಂದಿನ ದಿನವೇ ಬಿದ್ದಿದ್ದವು. ಈಸ್ಟರ್ ಸೋಮವಾರ, ಮಂಗಳವಾರ್ತೆ, ಬಂಡಾಯದ ನೆನಪು ಮೂರೂ ಕೂಡಿದ ದಿನ ರಾಜ ಒಂದನೇ ಜಾರ್ಜ್ ಅಮೃತಶಿಲೆಯ ಪಾನಾಥಿನೈಕೊ ಕ್ರೀಡಾಂಗಣದಲ್ಲಿ ಆಟಗಳನ್ನು ಉದ್ಘಾಟಿಸಿದರು. ಅದೇ ದಿನ ಅಮೆರಿಕದ ಜೇಮ್ಸ್ ಕಾನೊಲಿ ಟ್ರಿಪಲ್ ಜಂಪ್ ಗೆದ್ದು ಆಧುನಿಕ ಒಲಿಂಪಿಕ್ಸಿನ ಮೊದಲ ವಿಜೇತನಾದ. ಸ್ಪಿರಿಡಾನ್ ಲೂಯಿಸ್ ಮ್ಯಾರಥಾನ್ ಗೆದ್ದದ್ದು ಹೊಸ ಏಪ್ರಿಲ್ 10, ಹಳೆಯ ಮಾರ್ಚ್ 29ರಂದು.

1923–24ರಲ್ಲಿ ಕ್ಯಾಲೆಂಡರ್ ಬದಲಾದಾಗ ಹಬ್ಬಕ್ಕೆ ಏನಾಯಿತು?

ಸರ್ಕಾರ ಮೊದಲು ಬದಲಾಯಿಸಿತು, ಚರ್ಚು ಒಂದು ವರ್ಷ ತಡೆದು ಬದಲಾಯಿಸಿತು. ಗ್ರೀಸಿನಲ್ಲಿ 1923ರ ಫೆಬ್ರವರಿ 15, ಬುಧವಾರದ ಮರುದಿನ ಮಾರ್ಚ್ 1, ಗುರುವಾರ. ನಡುವಿನ 13 ದಿನ ಮಾಯ. ಆದರೆ ಆ ಆಜ್ಞೆ ಧಾರ್ಮಿಕ ಹಬ್ಬಗಳನ್ನೂ ಮಾರ್ಚ್ 25ರ ರಾಷ್ಟ್ರೀಯ ಹಬ್ಬವನ್ನೂ ಹೊರಗಿಟ್ಟಿತು. ಅವು ಹಳೆಯ ಲೆಕ್ಕದಲ್ಲೇ ಉಳಿದವು. ಅಂದರೆ 1923ರಲ್ಲಿ ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಏಪ್ರಿಲ್ 7 ಎಂದಿದ್ದ ದಿನವೇ ಚರ್ಚಿನ ಮಾರ್ಚ್ 25. ಕೃಷ್ಣಾಷ್ಟಮಿಯನ್ನು ಒಂದು ಮನೆಯಲ್ಲಿ ಇವತ್ತು, ಪಕ್ಕದ ಮನೆಯಲ್ಲಿ ಇನ್ನೊಂದು ದಿನ ಮಾಡುವುದನ್ನು ಕಂಡ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ಆದರೆ ಅಲ್ಲಿ ಒಂದೇ ಸರ್ಕಾರ ಎರಡು ತಾರೀಖು ಇಟ್ಟುಕೊಳ್ಳಬೇಕಾಯಿತು.

1924ರಲ್ಲಿ ಗ್ರೀಸಿನ ಚರ್ಚು ಮಾರ್ಚ್ 10ರ ದಿನವನ್ನು ಮಾರ್ಚ್ 23 ಎಂದು ಕರೆಯಿತು. ಎರಡೇ ದಿನಕ್ಕೆ, ಮಂಗಳವಾರ, ಮಾರ್ಚ್ 25 ಬಂತು: ಹೊಸ ಕ್ಯಾಲೆಂಡರಿನಲ್ಲಿ ಚರ್ಚು ಆಚರಿಸಿದ ಮೊದಲ ಮಂಗಳವಾರ್ತೆ. ಅದೇ ದಿನ, ಅಲೆಕ್ಸಾಂಡ್ರೋಸ್ ಪಾಪಾನಸ್ತಾಸಿಯು ಪ್ರಧಾನಿಯಾಗಿದ್ದಾಗ, ರಾಷ್ಟ್ರೀಯ ಸಭೆ ಅರಸೊತ್ತಿಗೆಯನ್ನು ಇಳಿಸಿ ಗಣರಾಜ್ಯ ಸಾರಿತು. ಏಪ್ರಿಲ್ 13ರ ಜನಮತಗಣನೆ ಅದನ್ನು ಒಪ್ಪಿತು. 1935ರಲ್ಲಿ ರಾಜ ಮರಳಿ ಬಂದ. ಹಾಗಾಗಿ ಮಾರ್ಚ್ 25ನ್ನು ಇವತ್ತಿನ ಗ್ರೀಸಿನ ‘ಗಣರಾಜ್ಯೋತ್ಸವ’ ಎನ್ನಬೇಡಿ. ಆ ಗಣರಾಜ್ಯ ಬೇರೆ, ಈಗಿನದು ಬೇರೆ.

ಏಪ್ರಿಲ್ 7ರಂದು ಆಚರಿಸುವವರು ಈಗಲೂ ಇದ್ದಾರಾ?

ಇದ್ದಾರೆ. ಸನ್ಯಾಸಿಗಳ ಆಥೋಸ್ ಪರ್ವತದಲ್ಲಿ ಹಳೆಯ ಕ್ಯಾಲೆಂಡರೇ ನಡೆಯುತ್ತಿದೆ. 1924ರ ಬದಲಾವಣೆಯನ್ನು ಒಪ್ಪದ ‘ಹಳೆ ಕ್ಯಾಲೆಂಡರಿನವರು’ ಎಂಬ ಪಂಗಡವೂ ಉಂಟು. ಅವರ ಮಂಗಳವಾರ್ತೆ 2100ರ ಫೆಬ್ರವರಿ ದಾಟುವವರೆಗೆ ಏಪ್ರಿಲ್ 7ಕ್ಕೆ, ಆಮೇಲೆ 8ಕ್ಕೆ.

ಹಬ್ಬ ಈಸ್ಟರ್‌ ದಿನವೇ ಬಿದ್ದರೆ?

ಹೊಸ ಕ್ಯಾಲೆಂಡರಿನವರಿಗೆ ಬೀಳುವುದಿಲ್ಲ. ಏಕೆಂದರೆ ಅವರ ಸ್ಥಿರ ಹಬ್ಬಗಳು ಮಾತ್ರ ಹೊಸ ಲೆಕ್ಕಕ್ಕೆ ಬಂದವು, ಈಸ್ಟರ್ ಹಳೆಯ ಲೆಕ್ಕದಲ್ಲೇ ಉಳಿಯಿತು. ಆರ್ಥಡಾಕ್ಸ್ ಈಸ್ಟರ್ ಈ ಶತಮಾನದಲ್ಲಿ ಏಪ್ರಿಲ್ 4ಕ್ಕಿಂತ ಮುಂಚೆ ಬರಲಾರದು (2010ರಲ್ಲಿ ಅಷ್ಟು ಬೇಗ ಬಂದಿತ್ತು), ಮೇ 8ಕ್ಕಿಂತ ತಡವಾಗದು. ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ಕಾಲ, ಈಸ್ಟರಿಗೆ 48 ದಿನ ಮುಂಚಿನ ಸೋಮವಾರ ಶುರು. ಕೂಡಿ ಕಳೆದು ನೋಡಿದರೆ ಮಾರ್ಚ್ 25 ಯಾವ ವರ್ಷವೂ ತಪಸ್ಸುಕಾಲದ ಒಳಗೇ ಬೀಳುತ್ತದೆ, ಈಸ್ಟರಿನ ಹಿಂದಿನ ಪವಿತ್ರ ವಾರಕ್ಕೆ ಮಾತ್ರ ತಾಕುವುದಿಲ್ಲ.

ಹಳೆ ಕ್ಯಾಲೆಂಡರಿನವರಿಗೆ ಎರಡೂ ಕೂಡಬಹುದು. ಅದಕ್ಕೆ ‘ಕಿರಿಯೊಪಾಸ್ಖಾ’ ಎಂಬ ಹೆಸರೇ ಇದೆ. 1991ರಲ್ಲಿ ಕೂಡಿತ್ತು, ಮುಂದಿನದು 2075ರಲ್ಲಿ.

ತಪಸ್ಸುಕಾಲದಲ್ಲಿ ಮೀನು ತಿನ್ನುತ್ತಾರಾ? ಆ ದಿನದ ಅಡುಗೆ ಹೇಗೆ?

ಈ ಉಪವಾಸದಲ್ಲಿ ಮಾಂಸ, ಮೀನು, ಹಾಲು, ಮೊಟ್ಟೆ ಬಿಡುತ್ತಾರೆ. ಮೀನಿಗೆ ಎರಡು ದಿನ ಮಾತ್ರ ಸಡಿಲ: ಮಂಗಳವಾರ್ತೆ ಮತ್ತು ಗರಿಗಳ ಭಾನುವಾರ (ಈಸ್ಟರಿಗೆ ಒಂದು ವಾರ ಮುಂಚಿನದು). ಅದಕ್ಕೇ ಮಾರ್ಚ್ 25ಕ್ಕೆ ದೇಶವಿಡೀ ‘ಬಕಾಲಿಯಾರೋಸ್ ಸ್ಕೊರ್ದಾಲಿಯಾ’: ಹಿಟ್ಟಿನಲ್ಲಿ ಅದ್ದಿ ಕರಿದ ಉಪ್ಪು ಕಾಡ್ ಮೀನು, ಜೊತೆಗೆ ಬೆಳ್ಳುಳ್ಳಿ ಗೊಜ್ಜು. ತಮಾಷೆಯೆಂದರೆ ಕಾಡ್ ಗ್ರೀಸಿನ ಸಮುದ್ರದ ಮೀನಲ್ಲ, ಉತ್ತರ ಅಟ್ಲಾಂಟಿಕ್‌ನದು. ಉಪ್ಪು ಹಾಕಿ ಒಣಗಿಸಿದ್ದರಿಂದ ಕೆಡದೆ ಗುಡ್ಡಗಾಡಿನ ಹಳ್ಳಿಗಳಿಗೂ ತಲುಪುತ್ತಿತ್ತು, ಕಡಲ ದೂರದವರಿಗೆ ಅದೇ ಮೀನಾಯಿತು.

ನಾಲ್ಕೈದು ಜನಕ್ಕೆ 1 ಕೆ.ಜಿ. ಉಪ್ಪು ಕಾಡ್ ಬೇಕು. ಮೇಲಿನ ಉಪ್ಪು ತೊಳೆದು, ಅಂಗೈಯಗಲ ತುಂಡು ಮಾಡಿ, ಚರ್ಮದ ಬದಿ ಮೇಲಿರುವಂತೆ ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ. ಚರ್ಮ ಕೆಳಗಾದರೆ ಮಾಂಸದಿಂದ ಬಿಟ್ಟ ಉಪ್ಪು ಇಳಿಯದೆ ಅಲ್ಲೇ ನಿಲ್ಲುತ್ತದೆ. ತೆಳು ತುಂಡಿಗೆ 24 ಗಂಟೆ, ದಪ್ಪಕ್ಕೆ 36ರಿಂದ 48. ಆರರಿಂದ ಎಂಟು ಗಂಟೆಗೊಮ್ಮೆ ನೀರು ಬದಲಿಸಿ. ಸಾಕಾಯಿತೇ ಎಂದು ತಿಳಿಯಲು ದಪ್ಪ ಭಾಗದ ಒಂದು ಚೂರನ್ನು ಬೇಯಿಸಿ ರುಚಿ ನೋಡಿ. ಅಂಚಿನ ಚೂರು ಮೋಸ ಮಾಡುತ್ತದೆ, ಅದರ ಉಪ್ಪು ಬೇಗ ಬಿಟ್ಟಿರುತ್ತದೆ.

ಕರಿಯುವ ಮುನ್ನ ಬಟ್ಟೆಯಲ್ಲಿ ಒತ್ತಿ ಪೂರ್ತಿ ಒರೆಸಿ, ಒಣಹಿಟ್ಟು ಸವರಿ. ಇದನ್ನು ಬಿಟ್ಟವರಿಗೆ ಹಿಟ್ಟಿನ ಕವಚ ಎಣ್ಣೆಯಲ್ಲೇ ಕಳಚುತ್ತದೆ. ಕಲಸುವುದಕ್ಕೆ 250 ಗ್ರಾಂ ಮೈದಾ, ಸುಮಾರು 300 ಮಿ.ಲೀ. ತಣ್ಣನೆ ಬಿಯರ್ ಅಥವಾ ಸೋಡಾ. ಹದ ಬೋಂಡಾ ಹಿಟ್ಟಿಗಿಂತ ತುಸು ತೆಳು. ಹಿಟ್ಟಿಗೆ ಉಪ್ಪು ಬೇಡ, ಮೀನಿನಲ್ಲಿದೆ. ಎಣ್ಣೆ 180 ಡಿಗ್ರಿ ಇರಲಿ, ಒಮ್ಮೆಗೆ ಮೂರು ನಾಲ್ಕು ತುಂಡಿಗಿಂತ ಹೆಚ್ಚು ಬಿಡಬೇಡಿ. ಎಣ್ಣೆ ತಣಿದರೆ ಕವಚ ಎಣ್ಣೆ ಕುಡಿಯುತ್ತದೆ.

ಸ್ಕೊರ್ದಾಲಿಯಾಕ್ಕೆ ಅರ್ಧ ಕೆ.ಜಿ. ಆಲೂಗಡ್ಡೆ ಬೇಯಿಸಿ ಬಿಸಿಯಿರುವಾಗಲೇ ಕೈಯಲ್ಲಿ ಕಿವುಚಿರಿ. ನಾಲ್ಕರಿಂದ ಆರು ಎಸಳು ಬೆಳ್ಳುಳ್ಳಿಯನ್ನು ಉಪ್ಪಿನ ಜೊತೆ ನುಣ್ಣಗೆ ಜಜ್ಜಿ ಸೇರಿಸಿ, 120 ಮಿ.ಲೀ. ಆಲಿವ್ ಎಣ್ಣೆ ಮತ್ತು ಎರಡು ಮೂರು ಚಮಚ ವಿನೆಗರ್ ಸ್ವಲ್ಪ ಸ್ವಲ್ಪವಾಗಿ ಹಾಕುತ್ತ ಕಲಸಿ. ಮಿಕ್ಸಿಗೆ ಹಾಕಿದಿರೋ, ಆಲೂಗಡ್ಡೆಯ ಪಿಷ್ಟ ಬಿಟ್ಟು ಗೋಂದಾಗುತ್ತದೆ, ಮತ್ತೆ ಸರಿಮಾಡಲು ದಾರಿಯಿಲ್ಲ. ಮಿಕ್ಸಿಯೇ ಬೇಕೆಂದರೆ ಆಲೂಗಡ್ಡೆ ಬದಲು ನೆನೆಸಿ ಹಿಂಡಿದ ಹಳೆ ಬ್ರೆಡ್ ಬಳಸಿ. ಹಾಗೆ ಮಾಡುವವರೂ ಬಹಳ.

ಅಥೆನ್ಸಿನ ಮೆರವಣಿಗೆ ನೋಡುವುದು ಹೇಗೆ?

ಸೇನಾ ಮೆರವಣಿಗೆ ಸಂಸತ್ತಿನ ಮುಂದೆ, ಸಿಂತಾಗ್ಮಾ ಚೌಕದಲ್ಲಿ. ಸಾಮಾನ್ಯವಾಗಿ ಬೆಳಿಗ್ಗೆ 11ರ ಹೊತ್ತಿಗೆ ಶುರು. ಆ ದಿನ ಸಿಂತಾಗ್ಮಾ ಮೆಟ್ರೋ ನಿಲ್ದಾಣವನ್ನು ಪೊಲೀಸರು ಮುಚ್ಚಿಸುವುದು ರೂಢಿ, ಆದ್ದರಿಂದ ಮುಂಚಿನ ನಿಲ್ದಾಣದಲ್ಲಿಳಿದು ನಡೆಯಲು ಸಮಯ ಇಟ್ಟುಕೊಳ್ಳಿ. ಶಾಲಾ ಮಕ್ಕಳ ಮೆರವಣಿಗೆ ಅಥೆನ್ಸಿನಲ್ಲಿ ಸಾಮಾನ್ಯವಾಗಿ ಹಿಂದಿನ ದಿನ, 24ಕ್ಕೆ.

ಊರಲ್ಲಿ ಕೂತು ನೇರಪ್ರಸಾರ ನೋಡುವವರಿಗೆ: ಮಾರ್ಚ್ 25ರಂದು ಗ್ರೀಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಅಲ್ಲಿನ 11 ಎಂದರೆ ಇಲ್ಲಿ ಮಧ್ಯಾಹ್ನ 2:30. ಆದರೆ ಯುರೋಪಿನಲ್ಲಿ ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. 25 ಭಾನುವಾರವೇ ಆದ ವರ್ಷ (2018ರಲ್ಲಿ ಆಗಿತ್ತು, ಈಗಿನ ನಿಯಮ ಉಳಿದರೆ 2029ರಲ್ಲಿ ಮತ್ತೆ) ಅಂತರ ಎರಡೂವರೆ ಗಂಟೆ, ಇಲ್ಲಿ 1:30ಕ್ಕೇ ಶುರು.

2021ರ ಇನ್ನೂರನೇ ವರ್ಷದ ಮೆರವಣಿಗೆ ಕೊರೊನಾ ಕಾರಣ ಜನರಿಲ್ಲದೆ ನಡೆಯಿತು. ಅತಿಥಿಗಳಲ್ಲಿ ಆಗ ಯುವರಾಜರಾಗಿದ್ದ ಬ್ರಿಟನ್ನಿನ ಚಾರ್ಲ್ಸ್ ಇದ್ದರು.

ಆ ದಿನ ಆಕ್ರೊಪೊಲಿಸ್ ತೆರೆದಿರುತ್ತದಾ?

ಗುಡ್ಡದ ಮೇಲಿನ ಪುರಾತನ ಸ್ಥಳ ಮುಚ್ಚಿರುತ್ತದೆ. ಸರ್ಕಾರಿ ಪುರಾತತ್ವ ಸ್ಥಳಗಳಿಗೆ ಜನವರಿ 1, ಮಾರ್ಚ್ 25, ಮೇ 1, ಈಸ್ಟರ್ ಭಾನುವಾರ, ಡಿಸೆಂಬರ್ 25 ಮತ್ತು 26 ರಜೆ. ಆದರೆ ಕೆಳಗಿನ ಆಕ್ರೊಪೊಲಿಸ್ ಮ್ಯೂಸಿಯಂ ಬೇರೆ ಸಂಸ್ಥೆ. ಅಲ್ಲಿ ಮಾರ್ಚ್ 25ಕ್ಕೆ ಉಚಿತ ಪ್ರವೇಶ. ಎರಡೇ ದಿನದ ಪ್ರವಾಸವಾದರೆ ಗುಡ್ಡವನ್ನು 24 ಅಥವಾ 26ಕ್ಕೆ, ಮ್ಯೂಸಿಯಂ 25ರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಹೊರಡುವ ವಾರ ಸಮಯವನ್ನು ಮತ್ತೊಮ್ಮೆ ನೋಡಿಕೊಳ್ಳಿ.

ಗ್ರೀಕ್ ಸಹೋದ್ಯೋಗಿಗೆ ಆ ದಿನ ಏನೆಂದು ಹಾರೈಸಬೇಕು?

‘ಖ್ರೋನ್ಯಾ ಪೊಲ್ಲಾ’, ಹೆಚ್ಚೂ ಕಡಿಮೆ ‘ನೂರ್ಕಾಲ ಬಾಳಿ’. ಹೆಸರು ಇವಾಂಗೆಲೋಸ್, ವಾಂಗೆಲಿಸ್, ಇವಾಂಗೆಲಿಯಾ ಆಗಿದ್ದರಂತೂ ಮರೆಯಲೇಬೇಡಿ: ಅದು ಅವರ ಹೆಸರಿನ ಹಬ್ಬ, ಅನೇಕರಿಗೆ ಹುಟ್ಟುಹಬ್ಬಕ್ಕಿಂತ ದೊಡ್ಡದು.

ಅಕ್ಟೋಬರ್ 28ರದ್ದೂ ಇದೇ ಹಬ್ಬವಾ?

ಅಲ್ಲ. ಅದು ‘ಓಹಿ’ ದಿನ, ಅಂದರೆ ‘ಇಲ್ಲ’ ಎಂದ ದಿನ: 1940ರಲ್ಲಿ ಇಟಲಿಯ ಮುಸೊಲಿನಿಯ ಬೆದರಿಕೆಯನ್ನು ಪ್ರಧಾನಿ ಮೆಟಾಕ್ಸಾಸ್ ತಳ್ಳಿಹಾಕಿದ್ದರ ನೆನಪು. ಅಂದಿನ ದೊಡ್ಡ ಸೇನಾ ಮೆರವಣಿಗೆ ನಡೆಯುವುದು ಥೆಸಲೊನಿಕಿಯಲ್ಲಿ. 1940ರದ್ದಾದ್ದರಿಂದ ತಾರೀಖು ಪರಿವರ್ತಿಸುವ ಕಷ್ಟವೂ ಇಲ್ಲ.

ಹಳೆಯ ತಾರೀಖನ್ನು ಗ್ರೀಕರು ಹೊಸದಕ್ಕೆ ಬದಲಿಸಿಯೇ ಆಚರಿಸುತ್ತಾರಾ?

ಸಾಮಾನ್ಯವಾಗಿ ಇಲ್ಲ, ಅಂಕಿಯನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಎಲ್ಲ ಕಡೆಯೂ ಒಂದೇ ನಿಯಮವಿಲ್ಲ ಎಂಬುದಕ್ಕೆ ಮೆಸೊಲೊಂಗಿ ಪಟ್ಟಣ ಸಾಕು. ಮುತ್ತಿಗೆಯಲ್ಲಿ ಸಿಕ್ಕ ಜನ ಕೋಟೆ ಒಡೆದು ಹೊರನುಗ್ಗಿದ್ದು 1826ರ ಏಪ್ರಿಲ್ 10ರ ರಾತ್ರಿ, ಹಳೆಯ ಲೆಕ್ಕ. ಅದರ ನೆನಪನ್ನು ತಾರೀಖಿಗಲ್ಲ, ಗರಿಗಳ ಭಾನುವಾರದ ವಾರಾಂತ್ಯಕ್ಕೆ ಕಟ್ಟಿದ್ದಾರೆ, ಹಾಗಾಗಿ ಪ್ರತಿ ವರ್ಷ ಜಾರುತ್ತದೆ. ಅದೇ ಊರಲ್ಲಿ ಇಂಗ್ಲಿಷ್ ಕವಿ ಬೈರನ್ ತೀರಿಕೊಂಡದ್ದು 1824ರ ಏಪ್ರಿಲ್ 19, ಹೊಸ ಲೆಕ್ಕ. ಗ್ರೀಸ್ ತನ್ನ ವಿದೇಶಿ ಮಿತ್ರರನ್ನು ನೆನೆಯುವುದು ಆ 19ಕ್ಕೇ. ಹಳೆಯ ಲೆಕ್ಕದಲ್ಲಿ ಅದು ಏಪ್ರಿಲ್ 7. ಒಂದೇ ಊರು, ಎರಡು ವರ್ಷದ ಅಂತರದ ಎರಡು ಘಟನೆ, ಎರಡು ಕ್ಯಾಲೆಂಡರ್. ಮೆಸೊಲೊಂಗಿ ಬಗ್ಗೆ ಬರೆಯುವಾಗ ಪ್ರತಿ ತಾರೀಖಿನ ಪಕ್ಕ ‘ಹಳೆಯ’ ಅಥವಾ ‘ಹೊಸ’ ಎಂದು ನಮೂದಿಸಿ.